ಗಿರಿಜಮ್ಮನ ಕಂಪ್ಯೂಟರ್ ನಿಂತ ವರ್ಷ

ಹೋದ ವಾರ ಶಿವಮೊಗ್ಗದ ಕೋಟೆ ರಸ್ತೆಯ ಪುಸ್ತಕದಂಗಡಿಯಲ್ಲಿ ಒಂದು ಡಜನ್ ರಬ್ಬರ್ ಕೊಂಡೆ. ಮಕ್ಕಳು ಪೆನ್ಸಿಲ್ ಗೆರೆ ಅಳಿಸುತ್ತಾರಲ್ಲ, ಆ ಬಿಳಿ ರಬ್ಬರ್. ಮೊಮ್ಮಕ್ಕಳಿಗಾ ಎಂದು ಅಂಗಡಿಯವನು ಕೇಳಿದ. ನನಗಿನ್ನೂ ಐವತ್ತು ತುಂಬಿಲ್ಲ, ಮದುವೆಯೂ ಆಗಿಲ್ಲ, ಮೊಮ್ಮಕ್ಕಳು ಎಲ್ಲಿಂದ ಉದುರಬೇಕು? ಕೆಲಸಕ್ಕೆ ಎಂದು ಮುಖ ಗಂಟು ಹಾಕಿಕೊಂಡು ಹೇಳಿ ಬಂದೆ. ನಾನು ಶಾರದಮ್ಮ, ಕಂಪ್ಯೂಟರ್ ರಿಪೇರಿ ಮಾಡುವವಳು. ಶುರುವಾಗದ ಯಂತ್ರ ಬಂದರೆ ನಮ್ಮ ಕಸುಬಿನವರು ಮೊದಲು ಮಾಡುವುದೇ ಇದು: ಒಳಗಿನ ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು. ಎಷ್ಟೋ ಯಂತ್ರಗಳು ಅಷ್ಟಕ್ಕೇ ಎದ್ದು ಕೂರುತ್ತವೆ.

ಅಂಗಡಿಗೆ ಬಂದು ಕವರ್ ಹರಿದೆ. ಹೊಸ ರಬ್ಬರಿನ ವಾಸನೆ ಬಂತು. ಮೇಜಿನ ಮೂಲೆಯಲ್ಲಿ ಬೆಳಗಿನ ಪೂಜೆಯ ಗಂಧದ ಬಟ್ಟಲು ಇನ್ನೂ ಹಾಗೇ ಇತ್ತು. ಈ ಎರಡು ವಾಸನೆ ಒಟ್ಟಿಗೆ ಬಂದರೆ ನನಗೆ ಭದ್ರಾವತಿಯ ಜನ್ನಾಪುರ ನೆನಪಾಗುತ್ತದೆ, ಹತ್ತು ವರ್ಷದ ಹಿಂದಿನ ಒಂದು ನವರಾತ್ರಿ, ಅಲ್ಲಿಂದ ದೀಪಾವಳಿಯವರೆಗಿನ ದಿನಗಳು. ಹೆಮ್ಮೆಯಿಂದ ಹೇಳಿಕೊಳ್ಳುವ ನೆನಪಲ್ಲ. ಆದರೂ ಹೇಳಿಬಿಡುತ್ತೇನೆ.

ಆಗಲೂ ನನ್ನ ಅಂಗಡಿ ಕೋಟೆಯಲ್ಲೇ, ದೇವಸ್ಥಾನದ ಬೀದಿಯ ಒಂದು ಕೋಣೆ. ಮನೆ ವಿದ್ಯಾನಗರದಲ್ಲಿ, ನಾನು ಮತ್ತು ಅಪ್ಪ ಇಬ್ಬರೇ. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟರಾಗಿದ್ದು ನಿವೃತ್ತರಾದವರು. ಹೆಂಗಸು ಸ್ಕ್ರೂಡ್ರೈವರ್ ಹಿಡಿದರೆ ಜನ ಎರಡು ಸಲ ನೋಡುತ್ತಾರೆ. ‘ಸರ್ ಇಲ್ವಾ?’ ಎಂದು ಕೇಳಿಕೊಂಡು ಬರುವವರಿಗೆ ನಾನೇ ಸರ್ರು ಎಂದು ಹೇಳಿ ಹೇಳಿ ನನ್ನ ನಾಲಿಗೆ ಒರಟಾಗಿಹೋಗಿತ್ತು. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ‘ಗೊತ್ತಿಲ್ಲ’ ಎಂಬ ಮಾತು ಮಾತ್ರ ನನ್ನ ಬಾಯಿಂದ ಬರುತ್ತಿರಲಿಲ್ಲ. ಒಂದು ಸಲ ಬಂದರೆ ಗಿರಾಕಿ ಮತ್ತೆ ಬರುವುದಿಲ್ಲ ಎಂದು ನಂಬಿದ್ದೆ.

ಗಿರಿಜಮ್ಮ ನನ್ನ ಹಳೆಯ ಗಿರಾಕಿ. ಜನ್ನಾಪುರದ ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತಿದ್ದರು. ಲಗ್ನಪತ್ರಿಕೆ, ಶಿವಗಣಾರಾಧನೆಯ ಕಾರ್ಡು, ಸಂಘದ ವರದಿ, ಯಾರದೋ ಕವನ ಸಂಕಲನ, ಹೀಗೆ ಶಿವಮೊಗ್ಗದ ಒಂದು ಪ್ರೆಸ್ಸಿನವರು ಕೊಟ್ಟದ್ದನ್ನೆಲ್ಲ ಟೈಪ್ ಮಾಡಿ ಪುಟ ಕಟ್ಟಿ ಕೊಡುವುದು. ಆಗ ಅವರಿಗೆ ಐವತ್ತೈದರ ಆಸುಪಾಸು. ಗಂಡ ರುದ್ರಪ್ಪನವರು ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಶುರು ಮಾಡಿದ ಕೆಲಸವಂತೆ. ಮಗಳ ಮದುವೆಯಾಗಿ ಅವಶ್ಯಕತೆ ಮುಗಿದ ಮೇಲೂ ಬಿಟ್ಟಿರಲಿಲ್ಲ. ರುದ್ರಪ್ಪನವರು ಕೆಟ್ಟವರಲ್ಲ. ಬೆನ್ನು ನೋವು ಅಂತೀಯ, ಕಣ್ಣಲ್ಲಿ ನೀರು ಸುರಿಯುತ್ತೆ, ಸಾಕು ಮಾಡು ಎಂದು ದಿನಾ ಹೇಳುತ್ತಿದ್ದರು, ಅಷ್ಟೆ. ಇವರು ಹೂಂ ಎಂದು ಮತ್ತೆ ಕೀಲಿಮಣೆಯ ಮುಂದೆ ಕೂರುತ್ತಿದ್ದರು.

ಅವರ ಕಂಪ್ಯೂಟರ್ ಹಳೇ ಕಾಲದ್ದು. ಅದನ್ನು ಬದಲಾಯಿಸುವ ಹಾಗಿರಲಿಲ್ಲ. ಅವರ ಬೆರಳಿಗೆ ಗೊತ್ತಿದ್ದದ್ದು ಒಂದೇ ಹಳೆಯ ಕನ್ನಡ ತಂತ್ರಾಂಶ. ಯಂತ್ರದ ಹಿಂದೆ ಪ್ರಿಂಟರ್ ಸಿಕ್ಕಿಸುವ ಅಗಲವಾದ ಜಾಗದಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಲಾಕ್ ಚುಚ್ಚಿದರೆ ಮಾತ್ರ ಅದು ತೆರೆಯುತ್ತಿತ್ತು. ಆ ಅಗಲ ಜಾಗ ಹೊಸ ಯಂತ್ರಗಳಲ್ಲಿ ಇಲ್ಲ. ತಂತ್ರಾಂಶ ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹೊಸ ಪದ್ಧತಿ ಕಲಿಯಿರಿ ಎಂದರೆ, ಈ ವಯಸ್ಸಲ್ಲಿ ಬೆರಳಿಗೆ ಮತ್ತೆ ಒಂದನೇ ಕ್ಲಾಸಾ ಎಂದು ನಗುತ್ತಿದ್ದರು. ಅಂದರೆ ಆ ಯಂತ್ರ ಇದ್ದಷ್ಟು ದಿನ ಅವರ ಕೆಲಸ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವರ್ಷ ಅವರಿಗೊಂದು ಹುಮ್ಮಸ್ಸು ಬಂದಿತ್ತು. ಅವರೇ ಓದಿದ ಭದ್ರಾವತಿಯ ಶಾಲೆಗೆ ಐವತ್ತು ವರ್ಷ ತುಂಬಿ, ಸ್ಮರಣ ಸಂಚಿಕೆಯ ಕೆಲಸ ಇವರ ಕೈಗೆ ಬಂದಿತ್ತು. ಅದುವರೆಗೆ ಸಾವಿರಾರು ಪುಟ ಕಟ್ಟಿದ್ದರೂ ಎಲ್ಲೂ ಅವರ ಹೆಸರು ಅಚ್ಚಾಗಿರಲಿಲ್ಲ. ಪ್ರೆಸ್ಸಿನ ಹೆಸರು ಇರುತ್ತಿತ್ತು, ಮುಖಪುಟ ಬರೆದವರ ಹೆಸರು ಇರುತ್ತಿತ್ತು. ಈ ಸಲ ಕೊನೆಯ ಪುಟದಲ್ಲಿ ‘ಅಕ್ಷರ ಜೋಡಣೆ: ಗಿರಿಜಮ್ಮ, ಹಳೆಯ ವಿದ್ಯಾರ್ಥಿನಿ’ ಎಂದು ಹಾಕುತ್ತೇವೆಂದು ಶಾಲೆಯವರು ಹೇಳಿದ್ದರು. ಆ ಸಾಲನ್ನು ಎಲ್ಲಕ್ಕಿಂತ ಮೊದಲೇ ಟೈಪ್ ಮಾಡಿಟ್ಟು ನನಗೆ ತೋರಿಸಿದರು. ತೋರಿಸಿ ತಾವೇ ನಾಚಿಕೊಂಡರು. ದೀಪಾವಳಿಯೊಳಗೆ ಪುಟಗಳೆಲ್ಲ ಪ್ರೆಸ್ಸಿಗೆ ಹೋಗಬೇಕಿತ್ತು.

ಈಗ ನನ್ನ ಪೂಜೆಯ ವಿಷಯ. ಅಂಗಡಿ ತೆಗೆದ ವರ್ಷದಿಂದ ನಾನೊಂದು ರೂಢಿ ಮಾಡಿಕೊಂಡಿದ್ದೆ. ಆಯುಧಪೂಜೆಯ ದಿನ ಖಾಯಂ ಗಿರಾಕಿಗಳ ಮನೆಗೆ ನಾನೇ ಹೋಗಿ ಅವರ ಯಂತ್ರ ಒರೆಸಿ ಪೂಜೆ ಮಾಡಿ ಬರುವುದು. ಅಪ್ಪ ಬೆಳಗ್ಗೆಯೇ ಸಾಣೆಕಲ್ಲಿನ ಮೇಲೆ ಗಂಧ ತೇದು, ಅರಿಶಿನ ಬೆರೆಸಿ, ದೋಸೆ ಹಿಟ್ಟಿನಂತೆ ದಪ್ಪಗೆ ಬಟ್ಟಲಿಗೆ ತುಂಬಿಕೊಡುತ್ತಿದ್ದರು. ಅದರ ಮೇಲೆ ಕುಂಕುಮ, ಒಂದು ಸೇವಂತಿಗೆ. ಜನಕ್ಕೂ ಖುಷಿ, ವ್ಯಾಪಾರಕ್ಕೂ ಒಳ್ಳೆಯದು. ಆ ವರ್ಷ ಮಳೆ ಹಿಂದೆ ಸರಿಯದೆ ನವರಾತ್ರಿಯಲ್ಲೂ ಸುರಿಯುತ್ತಿತ್ತು. ಜನ್ನಾಪುರದಲ್ಲಿ ಬಸ್ಸಿಳಿದಾಗ ಛತ್ರಿ ಹಿಡಿಯಲೋ ತಟ್ಟೆ ಹಿಡಿಯಲೋ ಎಂದು ಒದ್ದಾಡಿಕೊಂಡೇ ಹೋದೆ.

ಗಿರಿಜಮ್ಮ ಯಂತ್ರಕ್ಕೆ ಆಗಲೇ ಮೂರು ಬೆರಳಿನ ವಿಭೂತಿ ಎಳೆದಿದ್ದರು. ನಾನು ಗಂಧದ ಬೆರಳನ್ನು ಮುಂದಿನ ಸ್ವಿಚ್ಚಿನ ಹತ್ತಿರ ತಂದಾಗ, ಅಲ್ಲಿ ಬೇಡ, ಪಕ್ಕದ ತಗಡಿಗೆ ಇಡಿ, ಒದ್ದೆಯಲ್ವಾ ಎಂದರು. ಅಕ್ಕ, ಯಂತ್ರಕ್ಕೆ ಜೀವ ಬರುವುದೇ ಸ್ವಿಚ್ಚಿನಿಂದ, ಅದರ ಹಣೆಗೆ ಇಡದೆ ಬೆನ್ನಿಗೆ ಇಡುತ್ತಾರಾ ಎಂದು ದೊಡ್ಡ ಶಾಸ್ತ್ರ ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಎಂದಿಗಿಂತ ಧಾರಾಳವಾಗಿಯೇ ಮೆತ್ತಿದೆ. ನಾನು ಮಂಡಕ್ಕಿ, ಬಾಳೆಹಣ್ಣು ಕಟ್ಟಿಸಿಕೊಂಡು ಬಂದೆ.

ನಾಲ್ಕೈದು ದಿನ ಬಿಟ್ಟು ಗಿರಿಜಮ್ಮನ ಫೋನ್ ಬಂತು. ಸ್ವಿಚ್ ಯಾಕೋ ಸ್ವಲ್ಪ ಗಟ್ಟಿಯಾಗಿದೆ ಎಂದರು. ನನ್ನ ಮುಂದೆ ಆಗ ಮೂರು ಯಂತ್ರ ಬಿಚ್ಚಿಕೊಂಡು ಬಿದ್ದಿದ್ದವು. ಜೋರಾಗಿ ಒತ್ತಿ ಅಕ್ಕ ಎಂದು ಹೇಳಿ ಫೋನ್ ಇಟ್ಟೆ. ಅದಾದ ಎರಡನೇ ದಿನಕ್ಕೆ ಮತ್ತೆ ಫೋನ್. ಈ ಸಲ ದನಿ ಬೇರೆ ಇತ್ತು. ಕಂಪ್ಯೂಟರ್ ಶುರುವಾಗುತ್ತಿಲ್ಲ, ಸಂಚಿಕೆಯ ಅರ್ಧ ಪುಟಗಳು ಒಳಗೇ ಇವೆ, ಇವತ್ತೇ ಬರಲಾಗುತ್ತದಾ ಎಂದು ಕೇಳಿದರು.

ಹೋದೆ. ಗೋಡೆಯ ಸ್ವಿಚ್ ಹಾಕಿದರೆ ಸಾಕು, ಯಾರೂ ಮುಟ್ಟದೆಯೇ ಯಂತ್ರದ ಫ್ಯಾನು ಗಿರ್ ಎನ್ನುತ್ತಿತ್ತು. ನಾಲ್ಕು ಎಣಿಸುವಷ್ಟರಲ್ಲಿ ಆರಿಹೋಗುತ್ತಿತ್ತು. ಆಮೇಲೆ ಏನು ಒತ್ತಿದರೂ ಸದ್ದಿಲ್ಲ. ಗೋಡೆಯ ಸ್ವಿಚ್ ತೆಗೆದು ಹಾಕಿದರೆ ಮತ್ತೆ ಅದೇ ನಾಲ್ಕು ಎಣಿಕೆ. ಪಕ್ಕದ ತಗಡು ಬಿಚ್ಚಿದೆ. ಮೆಮೊರಿ ಪಟ್ಟಿ ತೆಗೆದು ರಬ್ಬರ್ ಉಜ್ಜಿದೆ. ಧೂಳು ಊದಿದೆ. ಒಳಗಿನ ಗುಂಡಿ ಸೆಲ್ ಬದಲಾಯಿಸಿದೆ. ಒಂದೊಂದು ವೈರನ್ನೂ ಕಿತ್ತು ಕೂರಿಸಿದೆ. ಪ್ರತಿ ಸಲವೂ ಗಿರಿಜಮ್ಮ ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದರು, ಪ್ರತಿ ಸಲವೂ ನಾಲ್ಕಕ್ಕೆ ಆರಿತು. ರುದ್ರಪ್ಪನವರು ಬಾಗಿಲಲ್ಲಿ ನಿಂತು, ಅದಕ್ಕೂ ವಯಸ್ಸಾಯ್ತಲ್ಲ ಮೇಡಂ ಎಂದರು. ನನಗೆ ಉರಿದುಹೋಯಿತು.

ಎರಡು ದಿನ ಬಿಟ್ಟು ಹೊಸ ಪವರ್ ಸಪ್ಲೈ ಡಬ್ಬಿಯನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಮತ್ತೆ ಬಸ್ಸು ಹತ್ತಿದೆ. ಮಳೆ ನಿಂತು ಆಗ ಧಗೆ ಶುರುವಾಗಿತ್ತು. ಡಬ್ಬಿ ಬದಲಾಯಿಸಿದರೂ ನಾಲ್ಕು ಎಣಿಕೆ ಐದಾಗಲಿಲ್ಲ. ಮೂರನೇ ಸಲ ಹೋದಾಗ ಮುಖ್ಯ ಬೋರ್ಡಿನ ಮೇಲೆ ಟಾರ್ಚು ಬಿಟ್ಟು ನೋಡಿದೆ. ಒಂದು ಕೆಪಾಸಿಟರಿನ ತಲೆ ಸ್ವಲ್ಪ ಉಬ್ಬಿದಂತೆ ಕಂಡಿತು, ಬೋರ್ಡ್ ಕೆಟ್ಟಿದೆ ಎನ್ನಲು ನಮ್ಮವರು ನೋಡುವ ಗುರುತು ಅದು. ಬೇಕು ಎಂದು ಹುಡುಕುವವಳಿಗೆ ಕಾಣದೆ ಏನಾಗುತ್ತದೆ? ಯಂತ್ರವನ್ನು ಅಂಗಡಿಗೆ ಹೊತ್ತು ತಂದು ಬೋರ್ಡನ್ನು ಹೊರಗೆ ತೆಗೆದು ಒಂಟಿಯಾಗಿ ಪರೀಕ್ಷೆ ಮಾಡಬೇಕಿತ್ತು. ನನ್ನ ಕೈಕೆಳಗೆ ಕಲಿತವರಿಗೆಲ್ಲ ಅದನ್ನೇ ಹೇಳಿಕೊಟ್ಟವಳು ನಾನು. ಆದರೆ ಮೂರು ಸಲ ಸೋತ ಸಿಟ್ಟು, ಬಾಗಿಲಲ್ಲಿ ನಿಂತ ಗಂಡಸಿನ ನೋಟ. ಗೊತ್ತಾಗುತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

“ಬೋರ್ಡ್ ಹೋಗಿದೆ ಅಕ್ಕ,” ಎಂದೆ. “ಈ ನಮೂನೆದು ಈಗ ಎಲ್ಲೂ ಸಿಗಲ್ಲ.”

ಗಿರಿಜಮ್ಮ, ಸಂಚಿಕೆ ಪುಟಗಳು ಹೋದವಾ ಎಂದು ಕೇಳಿದರು. ಇಲ್ಲ, ಡಿಸ್ಕಿನಲ್ಲಿ ಇರುತ್ತವೆ, ಆದರೆ ನಿಮ್ಮ ತಂತ್ರಾಂಶ ಇಲ್ಲದೆ ಯಾರಿಗೂ ತೆರೆಯಲಾಗುವುದಿಲ್ಲ ಎಂದೆ. ಅವರು ತಲೆಯಾಡಿಸಿ, ಕಂಪ್ಯೂಟರಿಗೆಂದು ತಾವೇ ಹೊಲಿದಿದ್ದ ಹೂವಿನ ಬಟ್ಟೆಯ ಕವರನ್ನು ನಾಲ್ಕು ಮಡಿಕೆ ಮಾಡಿ ಬೀರುವಿನೊಳಗೆ ಇಟ್ಟರು. ಆಮೇಲೆ ಕಾಫಿ ಮಾಡಲು ಒಳಗೆ ಹೋದರು, ಬರುವುದು ತುಂಬಾ ಹೊತ್ತಾಯಿತು. ರುದ್ರಪ್ಪನವರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಹೋಗಲಿ ಬಿಡಿ, ಇನ್ನಾದರೂ ಬೆನ್ನಿಗೆ ಆರಾಮ, ಭಾನುವಾರ ಗುಜರಿಯವನಿಗೆ ಬರಹೇಳ್ತೀನಿ ಎಂದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ನನಗೆ ಅಳು ಬಂತು. ಅವರಿಗಾಗಿ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅರ್ಧ ನನ್ನ ಸೋಲಿಗೇ ಅತ್ತದ್ದು.

ಆ ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಹಾಲಿನವನು ಬೆಲ್ ಒತ್ತಿದ. ನಮ್ಮದು ಹಕ್ಕಿ ಕೂಗುವ ಬೆಲ್. ಹಾಲಿನವನು ಹಾಲು ಕೊಟ್ಟು ಗೇಟು ದಾಟಿದರೂ ಹಕ್ಕಿ ಕೂಗುತ್ತಲೇ ಇತ್ತು. ನಿಲ್ಲಲೇ ಇಲ್ಲ. ಅಪ್ಪ ಜಪದ ಮಣೆಯಿಂದಲೇ ಕೂಗಿದರು.

“ಏ ಮಾರಾಯ್ತಿ, ಆ ಹಕ್ಕಿ ಕತ್ತು ಹಿಚುಕೇ.”

ಹೊರಗೆ ಹೋಗಿ ನೋಡಿದೆ. ಆಯುಧಪೂಜೆಯ ದಿನ ಅಪ್ಪ ಮಿಕ್ಸಿ, ಸ್ಕೂಟರ್, ಈಳಿಗೆಮಣೆಗೆ ಇಟ್ಟು ಉಳಿದ ಗಂಧವನ್ನು ಬೆಲ್ಲಿನ ಗುಂಡಿಗೂ ಇಟ್ಟಿದ್ದರು. ಪೂಜೆಯ ಗಂಧ ಒರೆಸಬಾರದು, ತಾನಾಗಿ ಉದುರಬೇಕು ಎನ್ನುವುದು ನಮ್ಮ ಮನೆಯ ನಿಯಮ. ಅದು ಉದುರಿರಲಿಲ್ಲ. ಗುಂಡಿಯ ಸುತ್ತ ಸಂದಿಗೆ ಇಳಿದು, ಒಣಗಿ, ಗಾರೆಯಂತೆ ಕಚ್ಚಿಕೊಂಡಿತ್ತು. ಒಳಗೆ ಹೋದ ಗುಂಡಿ ಹೊರಗೆ ಬರಲಾರದೆ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಉಗುರಿನಿಂದ ಎಬ್ಬಿಸಿದೆ, ಹಕ್ಕಿ ನಿಂತಿತು.

ಕಂಪ್ಯೂಟರಿನ ಸ್ವಿಚ್ಚನ್ನು ಒತ್ತಿ ಬಿಟ್ಟರೆ ಯಂತ್ರ ಶುರು. ಬಿಡದೆ ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಯಂತ್ರ ಬಂದ್. ಇದು ನನ್ನ ಕಸುಬಿನ ಒಂದನೇ ಪಾಠ. ಜನ್ನಾಪುರದ ಯಂತ್ರದ ಸ್ವಿಚ್ಚನ್ನು ಯಾರೋ ಹಗಲೂ ರಾತ್ರಿ ಒತ್ತಿ ಹಿಡಿದಿದ್ದರು. ಯಾರೋ ಏನು, ನಾನೇ. ಗಂಧ ಮೆತ್ತಿದವಳೂ ನಾನೇ, ಗಟ್ಟಿಯಾಗಿದೆ ಎಂದರೆ ಜೋರಾಗಿ ಒತ್ತಿ ಎಂದವಳೂ ನಾನೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಆ ಕೂಸನ್ನು ಗುಜರಿಗೆ ಬೇರೆ ಕಳಿಸಲು ಹೊರಟಿದ್ದೆ.

ಒಗ್ಗರಣೆ ಸೀದ ವಾಸನೆ ಬರುತ್ತಿತ್ತು. ಒಲೆ ಆರಿಸಿ, ಅಪ್ಪನಿಗೆ ಹೇಳಿದೆನೋ ಇಲ್ಲವೋ, ಸ್ಕೂಟರ್ ಹತ್ತಿ ನೇರ ಭದ್ರಾವತಿಗೆ ಹೊರಟೆ. ದಾರಿಯುದ್ದಕ್ಕೂ ಗಿರಿಜಮ್ಮನಿಗೆ ಏನು ಹೇಳುವುದು ಎಂಬುದಕ್ಕಿಂತ ಗುಜರಿಯವನು ಎಷ್ಟು ಹೊತ್ತಿಗೆ ಬರುತ್ತಾನೆ ಎಂಬುದೇ ತಲೆಯಲ್ಲಿತ್ತು. ಅವನ ತಳ್ಳುಗಾಡಿ ಅವರ ಗೇಟಿನ ಮುಂದೆಯೇ ನಿಂತಿತ್ತು. ಯಂತ್ರ ಜಗುಲಿಯಲ್ಲಿತ್ತು, ಹಳೇ ಪೇಪರಿನ ಕಟ್ಟಿನ ಪಕ್ಕ, ನನ್ನ ಕುಂಕುಮವನ್ನು ಹಣೆಗೆ ಹೊತ್ತುಕೊಂಡು. ತಡೀರಿ, ಇನ್ನೊಂದು ಸಲ ನೋಡ್ತೀನಿ ಎಂದು ಅದನ್ನು ಅಪ್ಪಿಕೊಂಡೇ ಒಳಗೆ ತಂದೆ.

ಈ ಸಲ ಪಕ್ಕದ ತಗಡನ್ನು ಮುಟ್ಟಲಿಲ್ಲ. ಮುಂದಿನ ಪ್ಲಾಸ್ಟಿಕ್ ಮುಖವನ್ನು ಕಿತ್ತೆ. ಸ್ವಿಚ್ಚಿನ ಸುತ್ತ ಹಳದಿ ಗಾರೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜಿದೆ. ಒಂದು, ಎರಡು, ಐದು ಕಡ್ಡಿ ಹಳದಿಯಾದವು. ಟಿಕ್ ಎಂದು ಗುಂಡಿ ಹೊರಗೆ ಬಂತು. ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ಬಿಟ್ಟೆ. ಫ್ಯಾನು ತಿರುಗಿತು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದೆ. ಐದು. ಆರು. ಪರದೆ ಬೆಳಗಿತು, ಸಣ್ಣಗೆ ಬೀಪ್ ಬಂತು. ಗಿರಿಜಮ್ಮ ಹಿಂದಿನಿಂದ ನನ್ನ ಭುಜ ಹಿಡಿದುಕೊಂಡಿದ್ದರು, ಆ ಹಿಡಿತ ನೋಯುವಷ್ಟು ಗಟ್ಟಿಯಾಗಿತ್ತು.

ರುದ್ರಪ್ಪನವರು ಗುಜರಿಯವನನ್ನು ಪೇಪರ್ ಕೊಟ್ಟು ಕಳಿಸಿ ಬಂದು, ಬೋರ್ಡೇ ಹೋಗಿದೆ ಅಂದಿದ್ರಿ, ಹೋದ ಜೀವ ತಂದುಬಿಟ್ರಲ್ಲ ಮೇಡಂ, ಕೈಗುಣ ಅಂದ್ರೆ ಇದು ಎಂದರು. ಹೇಳಬೇಕಾದ ಹೊತ್ತು ಅದೇ. ನಾನು ಹತ್ತಿ ಕಡ್ಡಿಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಹಳೇ ಯಂತ್ರ ಅಲ್ವಾ, ಒಂದೊಂದು ಸಲ ಹೀಗೇ ಎಂದೆ. ಉಪ್ಪಿಟ್ಟು ತಿಂದೆ, ಕಾಫಿ ಕುಡಿದೆ. ಗಿರಿಜಮ್ಮ ಆಗಲೇ ಪ್ರೆಸ್ಸಿಗೆ ಫೋನ್ ಮಾಡುತ್ತಿದ್ದರು. ಅವರ ಮುಖ ನೋಡುತ್ತಿದ್ದೆ. ಹೌದಾ, ಹೌದಾ, ಪರವಾಗಿಲ್ಲ ಬಿಡಿ ಎಂದು ಇಟ್ಟರು. ಯಂತ್ರ ಹೋಯಿತೆಂದು ಇವರೇ ತಿಳಿಸಿದ್ದರಿಂದ ಶಾಲೆಯ ಕೆಲಸವನ್ನು ಹಿಂದಿನ ದಿನ ಶಿವಮೊಗ್ಗದ ಬೇರೊಬ್ಬರಿಗೆ ಕೊಟ್ಟಾಗಿತ್ತು. ಅವರು ಮೊದಲಿಂದ ಟೈಪ್ ಮಾಡಲು ಶುರು ಮಾಡಿಯೂ ಆಗಿತ್ತು. ಬೇರೆ ಕೆಲಸ ಕಳಿಸುತ್ತೇವೆ ಎಂದರಂತೆ.

ಬೇರೆ ಕೆಲಸ ಬಂತು. ಲಗ್ನದ ಕಾಲ ಶುರುವಾಯಿತು, ಗಿರಿಜಮ್ಮನ ಮನೆಯಲ್ಲಿ ಮತ್ತೆ ಕೀಲಿಮಣೆ ಸದ್ದು. ರುದ್ರಪ್ಪನವರು ಮತ್ತೆ ಸಾಕು ಮಾಡು ಎನ್ನುತ್ತಿದ್ದರು. ನಾನು ಆ ವರ್ಷ ಅವರ ಮನೆಗೆ ಹೋಗುವುದನ್ನು ಆದಷ್ಟು ತಪ್ಪಿಸಿದೆ. ಅಂಗಡಿಯಲ್ಲಿ ಯಾರಾದರೂ ‘ಕೈಗುಣ’ ಎಂದರೆ ಮೈ ಉರಿಯುತ್ತಿತ್ತು. ಅಪ್ಪನಿಗೆ ಒಂದು ದಿನ ಎಲ್ಲ ಹೇಳಿದೆ. ಅವರು, ಗಂಧ ನಂದು, ಬೆರಳು ನಿಂದು, ಹೇಳೋ ಬಾಯೂ ನಿಂದೇ ಆಗಬೇಕು ಎಂದರು, ಅಷ್ಟೇ. ಆಮೇಲೆ ಆ ಮಾತೇ ಎತ್ತಲಿಲ್ಲ.

ಮುಂದಿನ ಆಯುಧಪೂಜೆಗೆ ಹೋಗಲೇಬೇಕಾಯಿತು. ತಟ್ಟೆಯಲ್ಲಿ ಗಂಧದ ಬಟ್ಟಲು ಇರಲಿಲ್ಲ, ಒಣ ಕುಂಕುಮ ಮಾತ್ರ. ರುದ್ರಪ್ಪನವರು ಬಾಳೆಕಂದು ತರಲು ಪೇಟೆಗೆ ಹೋಗಿದ್ದರು. ಮೇಜಿನ ಮೇಲೆ ಶಾಲೆಯ ಸ್ಮರಣ ಸಂಚಿಕೆ ಇತ್ತು, ದಪ್ಪ ಹೊತ್ತಗೆ, ಹೊಳೆಯುವ ರಟ್ಟು. ಮನಸ್ಸು ತಡೆಯದೆ ಕೊನೆಯ ಪುಟ ತೆಗೆದೆ. ಅಕ್ಷರ ಜೋಡಣೆ ಎಂದು ಬರೆದು ಮುಂದೆ ನಾನು ಕೇಳಿರದ ಒಂದು ಹೆಸರು ಇತ್ತು. ಗಿರಿಜಮ್ಮ ಪಕ್ಕದಲ್ಲೇ ನಿಂತು ಹೂವಿನ ಕವರನ್ನು ಕೊಡವುತ್ತಿದ್ದರು.

ಹೇಳಿದೆ. ಸ್ವಿಚ್ಚು, ಗಂಧ, ಹಕ್ಕಿ ಬೆಲ್ಲು, ಬೋರ್ಡು ಹೋಗಿದೆ ಎಂದು ಸುಳ್ಳೇ ಅಂದದ್ದು, ಎಲ್ಲ. ಈ ಪುಟದಲ್ಲಿ ನಿಮ್ಮ ಹೆಸರು ಇಲ್ಲದಂತೆ ಮಾಡಿದವಳು ನಾನು ಅಕ್ಕ ಎಂದೆ.

ಅವರು ಕವರ್ ಕೊಡವುವುದನ್ನು ನಿಲ್ಲಿಸಲಿಲ್ಲ.

“ಗೊತ್ತು,” ಎಂದರು. “ಆವತ್ತೇ ನೋಡಿದೆ, ಆ ಹಳದಿ ಕಡ್ಡಿಗಳನ್ನ.”

ಮತ್ತೆ ಆವತ್ತೇ ಯಾಕೆ ಕೇಳಲಿಲ್ಲ ಎಂದೆ. ನಮ್ಮ ಮನೆಯವರ ಎದುರಿಗೆ ಕೇಳಿದ್ದರೆ, ನೋಡಿದ್ಯಾ ಇದೆಲ್ಲ ಹೆಂಗಸರ ಕೈಲಿ ಆಗೋ ಕೆಲಸ ಅಲ್ಲ ಎಂದು ನಿಮ್ಮ ಜೊತೆ ನನ್ನನ್ನೂ ಸೇರಿಸಿ ಹೇಳುತ್ತಿದ್ದರು, ಅದಕ್ಕೇ ಸುಮ್ಮನಿದ್ದೆ ಎಂದರು. ಸಂಚಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಿ ಮೇಜಿನ ಮೇಲಿಟ್ಟರು. ಅದರ ಮೇಲೆ ಒಂದು ಸಲ ಕೈ ಆಡಿಸಿದರು. ಬೇಜಾರಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತೆ, ಎಂಟು ದಿನ ಊಟ ಸೇರಲಿಲ್ಲ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ನನ್ನ ಪಾಲಿಗೆ ನೀವೇ ಪೂಜಾರಿ ಎಂದು ಸಣ್ಣಗೆ ನಕ್ಕರು. ನನಗೆ ನಗು ಬರಲಿಲ್ಲ.

ವಿಭೂತಿಯ ಗಟ್ಟಿಯನ್ನು ತಂದು ನನ್ನ ಕೈಗೆ ಕೊಟ್ಟು, ಈ ವರ್ಷ ನೀವೇ ಎಳೀರಿ, ಪಕ್ಕದ ತಗಡಿಗೆ ಎಂದರು. ಎಳೆದೆ. ಮೂರು ಗೆರೆಯೂ ಸೊಟ್ಟಗೆ ಬಂದವು. ಅವರು ಸ್ವಿಚ್ ಒತ್ತಿದರು, ಯಂತ್ರ ಎದ್ದಿತು. ಇಬ್ಬರೂ ಪರದೆ ನೋಡುತ್ತ ನಿಂತಿದ್ದಾಗ, ನನ್ನ ಕಡೆ ತಿರುಗದೆಯೇ ಹೇಳಿದರು.

“ಹೆಸರು ಹೋಗಿದ್ದಕ್ಕೆ ಎಂಟು ದಿನ ಬೇಜಾರಿತ್ತು ಶಾರದಮ್ಮ. ನೀವು ಬಂದು ಹೇಳ್ತೀರೇನೋ ಅಂತ ವರ್ಷ ಪೂರ್ತಿ ಕಾದೆ.”